ಎರಡನೆಯ ಪೆಟ್ಟಿಗೆಯ ಕೆಂಪು ದಾರ

ಸೊಸೆ ಕೆಲಸ ಮುಗಿಸಿಕೊಂಡು ಬಂದು ಬಾಗಿಲು ತೆರೆದಾಗ ಅವಳ ಗಂಡ ಹಾಲ್‌ನ ನೆಲದ ಮೇಲೆ ಅಂಬೆಗಾಲಿಡುತ್ತಿದ್ದ. ಸೋಫಾದ ನಟ್ಟನಡುವೆ, ಅವನು ದಿನಾ ಕೂರುವ ಜಾಗದಲ್ಲಿ, ಮೊಣಕಾಲೆತ್ತರದ ಕಪ್ಪು ಪೆಟ್ಟಿಗೆಯೊಂದು ಕೂತಿತ್ತು. ಅದರೊಳಗಿಂದ ಲಾರಿಯೊಂದು ದೂರದಲ್ಲಿ ನಿಂತು ಗುರುಗುಟ್ಟಿದಂಥ ಸದ್ದು ಬರುತ್ತಿತ್ತು. ಅವನು ಗೋಡೆಯ ಬುಡಕ್ಕೆ ಕಿವಿ ಕೊಟ್ಟು, ಒಂದಡಿ ಮುಂದೆ ತೆವಳಿ, ಮತ್ತೆ ಕಿವಿ ಕೊಡುತ್ತಿದ್ದ.

"ಏನ್ರೀ ಇದು? ಏನಾದ್ರೂ ಬಿದ್ದೋಯ್ತಾ?"

"ಶ್! ಹುಡುಕ್ತಿದೀನಿ."

"ಏನನ್ನ ಅಂತಾನೇ ನಾನು ಕೇಳಿದ್ದು."

"ಜಾಗ."

ಅಡುಗೆಮನೆಯಿಂದ ಅತ್ತೆ ಕೂಗಿ ಹೇಳಿದರು: "ಮೂವತ್ತೇಳು ವರ್ಷ ಆದ್ಮೇಲೆ ಮತ್ತೆ ಇವನ ಅಂಬೆಗಾಲು ನೋಡ್ತಿದೀನಿ ಕಣಮ್ಮ. ಆಗ ಇಷ್ಟು ಸದ್ದು ಇರ್ಲಿಲ್ಲ."

ಮಗ ಎದ್ದು ಮಂಡಿಯ ಧೂಳು ಕೊಡವಿಕೊಂಡ. ಸಬ್‌ವೂಫರ್ ಅಂದರೆ ಬರೀ ಗುಡುಗಿನಂಥ ತಗ್ಗು ಸದ್ದಿನ ಪೆಟ್ಟಿಗೆ, ಆ ಸದ್ದು ಕೋಣೆಯ ತುಂಬ ಒಂದೇ ಸಮ ಹರಡುವುದಿಲ್ಲ ಎಂದು ವಿವರಿಸಿದ. "ಒಂದು ಕಡೆ ಗುಡ್ಡೆ ಬೀಳುತ್ತೆ, ಇನ್ನೊಂದು ಕಡೆ ಗುಂಡಿ. ಅದಕ್ಕೇ ಪೆಟ್ಟಿಗೇನ ನಾವು ಕೂರೋ ಕಡೆ ಇಟ್ಟು, ನಾವು ಗೋಡೆಗುಂಟ ತೆವಳ್ಬೇಕು. ಎಲ್ಲಿ ಸದ್ದು ತುಂಬಿಕೊಂಡು ಕೇಳುತ್ತೋ ಪೆಟ್ಟಿಗೆಗೆ ಅದೇ ಜಾಗ."

"ಅಂದ್ರೆ ಪೆಟ್ಟಿಗೆ ಸೋಫಾದ ಮೇಲೆ, ಯಜಮಾನ್ರು ನೆಲದ ಮೇಲೆ. ಸರಿಯಾಗೇ ಇದೆ," ಎಂದು ಸೊಸೆ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಮಗ ಹನ್ನೆರಡು ವರ್ಷ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ ಮಾಡಿ, ಬೇರೆಯವರ ಮನೆಗಳಿಗೆ ಟೀವಿ, ಸ್ಪೀಕರು ಕೂರಿಸಿದವನು. ಎರಡು ತಿಂಗಳ ಹಿಂದೆ ಆ ಕೆಲಸ ಬಿಟ್ಟಿದ್ದ. ಇನ್ನು ಮುಂದೆ ಸ್ವಂತ. ಕಿವಿಯಾರೆ ಕೇಳದೆ ಯಾರೂ ಆರ್ಡರು ಕೊಡುವುದಿಲ್ಲವಾದ್ದರಿಂದ ಮನೆಯ ಹಾಲೇ ಅವನ ಅಂಗಡಿ. ಮೊದಲ ಗಿರಾಕಿ ಒಬ್ಬ ಹಲ್ಲಿನ ಡಾಕ್ಟರು. ಹೊಸ ಮನೆ ಕಟ್ಟಿಸುತ್ತಿದ್ದರು. ಮೂರು ವಾರ ಬಿಟ್ಟು ಭಾನುವಾರ ಹೆಂಡತಿಯ ಜೊತೆ ಬಂದು ಕೇಳುತ್ತೇನೆ ಎಂದಿದ್ದರು.

ಆದರೆ ಆ ಹಾಲ್‌ನಲ್ಲಿ ಆಗಲೇ ಒಂದು ಅಂಗಡಿ ಇತ್ತು. ಅಪ್ಪನದು. ಮೂವತ್ತೊಂದು ವರ್ಷ ಗಡಿಯಾರ ರಿಪೇರಿ ಮಾಡಿದ ಅಂಗಡಿಯನ್ನು ರಸ್ತೆ ಅಗಲ ಮಾಡಲು ಕೆಡವಿದ ಮೇಲೆ, ಐದು ತಿಂಗಳಿಂದ ಅವರ ಮೇಜು ಹಾಲ್‌ನ ಕಿಟಕಿ ಮೂಲೆಯಲ್ಲಿತ್ತು. ಮೇಜಿನ ತುಂಬ ಕೈಗಡಿಯಾರಗಳು, ಒಂದೊಂದರ ಪಟ್ಟಿಗೂ ಒಂದೊಂದು ದಾರ: ಅರ್ಜೆಂಟಾದರೆ ಕೆಂಪು, ನಿಧಾನಕ್ಕಾದರೆ ನೀಲಿ, ಮುಗಿದಿದ್ದರೆ ಬಿಳಿ. ಈಗ ವಾರಕ್ಕೆ ಎಂಟೋ ಹತ್ತೋ ಜನ ಎರಡು ಮಹಡಿ ಹತ್ತಿ ಬರುತ್ತಿದ್ದರು. ಅಪ್ಪ ಮಾತ್ರ ಬೆಳಗ್ಗೆ ಒಂಬತ್ತಕ್ಕೆ ಶರ್ಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಮಲಗುವ ಕೋಣೆಯಿಂದ ಹೊರಟು ಹದಿನಾಲ್ಕು ಹೆಜ್ಜೆ ನಡೆದು ಕೆಲಸಕ್ಕೆ ಬರುತ್ತಿದ್ದರು.

ಮಗ ತೆವಳಿ ತೆವಳಿ ಕಂಡುಕೊಂಡದ್ದು ಎರಡು ಜಾಗ. ಒಂದು ಟೀವಿಯ ಕೆಳಗೆ. ಇನ್ನೊಂದು ಕಿಟಕಿ ಮೂಲೆ. ಅಲ್ಲಿ ಸದ್ದು ಎಷ್ಟು ತುಂಬಿತ್ತೆಂದರೆ ಅಪ್ಪನ ತಟ್ಟೆಯಲ್ಲಿದ್ದ ಸಾಸಿವೆಗಿಂತ ಸಣ್ಣ ಸ್ಕ್ರೂಗಳು ಒಂದರ ಹಿಂದೊಂದು ನಡೆದು ಅಂಚಿಗೆ ಬಂದಿದ್ದವು.

ಊಟಕ್ಕೆ ಕೂತಾಗ ಮಗ ವಿಷಯ ಎತ್ತಿದ.

"ಅಪ್ಪ, ಒಂದೇ ಪೆಟ್ಟಿಗೆ ಆದ್ರೆ ಸೋಫಾದ ಒಂದು ತುದೀಲಿ ಸದ್ದು ಎದೆಗೆ ಒದೆಯುತ್ತೆ, ಇನ್ನೊಂದು ತುದೀಲಿ ಏನೂ ಇಲ್ಲ. ಎರಡಿದ್ರೆ ಒಂದರ ಗುಂಡೀನ ಇನ್ನೊಂದು ತುಂಬುತ್ತೆ. ಎರಡನೇದು ನಿಮ್ಮ ಮೂಲೇಲಿ ಬರ್ಬೇಕು. ನಿಮ್ಮ ಮೇಜು ಹಿಂದ್ಗಡೆ ಸಾಗಿಸೋಣ."

"ಹಿಂದ್ಗಡೆ ಅಂದ್ರೆ?"

"ವಾಷಿಂಗ್ ಮಷೀನ್ ಪಕ್ಕ."

"ಅಲ್ಲಿ ಬೆಳಕಿಲ್ವಲ್ಲೋ."

"ಟ್ಯೂಬ್‌ಲೈಟ್ ಹಾಕ್ತೀನಿ. ಎರಡು."

"ಆ ಮಷೀನು ಗಡಗಡ ಅಂತ ಕುಣೀತಿರುತ್ತೆ. ಪಕ್ಕದಲ್ಲಿ ನಾನು ಕೂದಲಂಥ ಸ್ಪ್ರಿಂಗು ಕೂರಿಸ್ತಿರ್ತೀನಿ. ಒಳ್ಳೆ ಜೋಡಿ."

ಅಮ್ಮ ಮಗನ ತಟ್ಟೆಗೆ ಅನ್ನ ಬಡಿಸುತ್ತಾ ಹೇಳಿದರು: "ನೋಡಪ್ಪಾ, ಅಂಗಡಿ ಕೆಡವಿದ ಮೇಲೆ ಇವರು ಹದಿನೇಳು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಆ ಮೇಜು ಹಾಕಿದ ಮೇಲೆ ಎದ್ದಿದ್ದು. ಕತ್ತಲೆಗೆ ತಳ್ಳಿದ್ರೆ ಮತ್ತೆ ಮಲಗ್ತಾರೆ. ಆಮೇಲೆ ನಾನು ಎಬ್ಬಿಸಲ್ಲ, ನೀನು ಎಬ್ಬಿಸ್ಕೋ."

"ಅಮ್ಮ, ಆ ಡಾಕ್ಟರು ಕೈ ಬಿಟ್ರೆ ಮಲಗೋ ಸರದಿ ನಂದು."

"ಆಹಾ," ಎಂದಳು ಸೊಸೆ. ಅವಳು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಸದ್ಯಕ್ಕೆ ಮನೆಯಲ್ಲಿ ತಿಂಗಳ ಸಂಬಳ ಅವಳದೊಂದೇ. "ಒಂದು ಹಾಲ್‌ನಲ್ಲಿ ಎರಡು ಅಂಗಡಿ. ನಡುವೆ ಜಾಗ ಉಳಿದ್ರೆ ಸಂಸಾರ."

ಕೊನೆಗೆ ಅಪ್ಪನೇ ಹೇಳಿದರು: "ಮೊದಲು ಆ ಎರಡನೇ ಪೆಟ್ಟಿಗೆ ಸರಿಮಾಡು. ಅದು ಹಾಡಿದ ದಿನ ನನ್ನ ಮೇಜು ಎತ್ತು."

ಎರಡನೆಯ ಪೆಟ್ಟಿಗೆ ಹಳೆಯದು, ಸರಿಯಾಗದಿದ್ದರೆ ವಾಪಸ್ ಎಂಬ ಮಾತಿನ ಮೇಲೆ ಗುಜರಿ ಅಂಗಡಿಯಿಂದ ತಂದದ್ದು. ಅದರ ಸ್ಪೀಕರಿನ ಅಂಚು ಹಪ್ಪಳದಂತೆ ಪುಡಿಯಾಗಿತ್ತು. ಭಾನುವಾರ ಮಧ್ಯಾಹ್ನ ಮಗ ಅದನ್ನು ಬೆಳಕಿಗೆಂದು ಅಪ್ಪನ ಮೇಜಿನ ಪಕ್ಕಕ್ಕೆ ತಂದು ಬಿಚ್ಚಿದ. ಒಳಗಿನ ಎರಡು ವೈರುಗಳೂ ವಯಸ್ಸಾಗಿ ಒಂದೇ ಕಂದು ಬಣ್ಣಕ್ಕೆ ತಿರುಗಿದ್ದವು. ಯಾವುದು ಪ್ಲಸ್ಸು ಎಂದು ಹುಡುಕಿ, ಅಪ್ಪನ ಉಂಡೆಯಿಂದ ಒಂದು ತುಂಡು ಕೆಂಪು ದಾರ ಕತ್ತರಿಸಿ ಅದಕ್ಕೆ ಕಟ್ಟಿದ. ಹೊಸ ಸ್ಪೀಕರು ಕೂರಿಸಲು ಅಂಟು ಬೇಕಾಗಿತ್ತು. ತರಲು ಅಂಗಡಿಗೆ ಹೋದ.

ಅಪ್ಪ ನಿದ್ದೆ ಮುಗಿಸಿ ಎದ್ದು ಬಂದರು. ಮೇಜಿನ ಬಳಿ ಕೆಂಪು ದಾರವೊಂದು ಎಲ್ಲೋ ಸಿಕ್ಕಿಕೊಂಡು ನೇತಾಡುತ್ತಿತ್ತು. ಅರ್ಜೆಂಟ್ ಗಡಿಯಾರ ಯಾವುದರದೋ ದಾರ ಜಾರಿದೆ ಎಂದುಕೊಂಡು ಬಿಚ್ಚಿದರು. ಗಡಿಯಾರಗಳನ್ನು ಎಣಿಸಿದರು. ಎಲ್ಲದರ ಮೇಲೂ ಅದರದರ ದಾರ ಇತ್ತು. ಆಗ ತಲೆಗೆ ಹೊಳೆಯಿತು. ಬಗ್ಗಿ ನೋಡಿದರೆ ಎರಡು ವೈರು, ಎರಡೂ ಒಂದೇ ಥರ. ಎಡಗಡೆಯದೇ ಇರಬೇಕು ಎಂದು ಅದಕ್ಕೆ ಕಟ್ಟಿದರು. ಮಗ ಬಂದ, ದಾರ ನೋಡಿ ಬೆಸುಗೆ ಹಾಕಿದ, ಸ್ಪೀಕರು ಕೂರಿಸಿ ಸುತ್ತ ಅಂಟು ಹಚ್ಚಿ ಮುಚ್ಚಿದ. ಅಪ್ಪ ಏನೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡರು.

ಮಂಗಳವಾರ ಎರಡೂ ಪೆಟ್ಟಿಗೆಗಳನ್ನು ಒಂದೇ ಆಂಪ್ಲಿಫೈಯರಿಗೆ ಕಟ್ಟಿ ಸ್ವಿಚ್ಚು ಒತ್ತಿದಾಗ ಮಗ ಬೆಪ್ಪಾದ. ಎರಡನೆಯದು ಸೇರಿದ ಮೇಲೆ ಸದ್ದು ಹೆಚ್ಚಾಗುವ ಬದಲು ಕಡಿಮೆಯಾಗಿತ್ತು. ಸೋಫಾದ ನಡುವೆ ಕೂತರೆ ತಗ್ಗು ಸದ್ದು ಇಲ್ಲವೇ ಇಲ್ಲ.

"ಇಬ್ರು ಸೊಸೆಯಂದಿರು ಬಂದ್ಮೇಲೆ ಮನೆ ಕೆಲಸ ನಿಂತ ಹಾಗಾಯ್ತು," ಎಂದರು ಅಮ್ಮ.

"ಅತ್ತೆ, ನಾನೊಬ್ಳೇ ಇರೋದು."

"ಅದಕ್ಕೇ ನಡೀತಿದೆ ಅಂದೆ."

ಮಗ ಹೊರಗಿನ ವೈರುಗಳನ್ನು ಹತ್ತು ಸಲ ನೋಡಿದ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು. ಒಳಗಿನದರ ಬಗ್ಗೆ ಅನುಮಾನವೇ ಬರಲಿಲ್ಲ; ತಾನೇ ಗುರುತು ಕಟ್ಟಿದ್ದನಲ್ಲ. ತಪ್ಪು ಜಾಗದ್ದೇ ಎಂದುಕೊಂಡು ಪೆಟ್ಟಿಗೆಯನ್ನು ಮೇಜಿನ ಪಕ್ಕದಿಂದ ಚಪ್ಪಲಿ ಗೂಡಿನ ಹತ್ತಿರಕ್ಕೆ, ಅಲ್ಲಿಂದ ಬಾಗಿಲ ಹಿಂದಕ್ಕೆ, ಕೊನೆಗೆ ಊಟದ ಮೇಜಿನ ಆಚೆ ಹಿಂಗೋಡೆಯ ಮಧ್ಯಕ್ಕೆ ಸಾಗಿಸಿದ. ಎಲ್ಲೂ ಸಲ್ಲಲಿಲ್ಲ.

ಗುರುವಾರ ಮಧ್ಯಾಹ್ನ ಮನೆಯಲ್ಲಿ ಅಪ್ಪ ಒಬ್ಬರೇ ಇದ್ದರು. ಹಳೆಯ ಅಂಗಡಿಯಲ್ಲಿ ಒಂದೇ ಹಲಗೆಗೆ ಎರಡು ಲೋಲಕದ ಗಡಿಯಾರ ನೇತುಹಾಕಿದರೆ ಏನಾಗುತ್ತಿತ್ತೆಂದು ಅವರಿಗೆ ಎರಡು ದಿನದಿಂದ ನೆನಪಾಗುತ್ತಿತ್ತು. ಹೇಗೇ ಶುರು ಮಾಡಿದರೂ ಸ್ವಲ್ಪ ಹೊತ್ತಿಗೆ ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ. ಹಲಗೆ ಮಾತ್ರ ಅಲ್ಲಾಡದೆ ನಿಂತಿರುತ್ತಿತ್ತು. ಅವರು ಅಡುಗೆಮನೆಯ ಗೋಡೆ ಗಡಿಯಾರದಿಂದ ಪೆನ್ಸಿಲ್ ಸೆಲ್ ತೆಗೆದರು. ಪೆಟ್ಟಿಗೆಗಳ ಮುಂದಿನ ಬಟ್ಟೆ ಕಳಚಿ, ಕಣ್ಣಿಗೆ ಭೂತಗನ್ನಡಿಯ ಬಟ್ಟಲು ಸಿಕ್ಕಿಸಿಕೊಂಡು, ಮೊದಲ ಪೆಟ್ಟಿಗೆಯ ವೈರಿನ ತುದಿಗಳಿಗೆ ಸೆಲ್ ಮುಟ್ಟಿಸಿದರು. ಸ್ಪೀಕರಿನ ಕಾಗದ ಕೂದಲೆಳೆಯಷ್ಟು ಮುಂದೆ ಬಂತು. ಎರಡನೆಯದಕ್ಕೂ ಹಾಗೇ ಮುಟ್ಟಿಸಿದರು. ಅದು ಒಳಗೆ ಹೋಯಿತು.

ಮತ್ತೊಮ್ಮೆ ಮುಟ್ಟಿಸಿದರು. ಒಳಗೇ ಹೋಯಿತು.

ಮೆಟ್ಟಿಲ ಮೇಲೆ ಹೆಂಡತಿಯ ತರಕಾರಿ ಚೀಲದ ಸದ್ದು ಕೇಳಿಸಿತು. ಅಪ್ಪ ವೈರುಗಳನ್ನು ಇದ್ದಂತೆಯೇ ಸಿಕ್ಕಿಸಿ, ಬಟ್ಟೆ ಮುಚ್ಚಿ, ಸೆಲ್ಲನ್ನು ಗಡಿಯಾರಕ್ಕೆ ಹಾಕಿ ಬಂದು ಮೇಜಿನ ಮುಂದೆ ಕೂತರು. ಗಡಿಯಾರ ಟಿಕ್ ಟಿಕ್ ಎಂದಿತು. ಮುಳ್ಳು ಸರಿಪಡಿಸುವುದನ್ನು ಮಾತ್ರ ಮರೆತರು.

ಮರುದಿನ ಸೊಸೆಗೆ ಏಳು ಹತ್ತರ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಒಂದು ಗಂಟೆ ಕಾಯಬೇಕಾಯಿತು, ಅರ್ಧ ದಿನದ ಸಂಬಳ ಹೋಯಿತು. ಸಂಜೆ ಬಂದವಳೇ ಅಡುಗೆಮನೆಯ ಗಡಿಯಾರದ ಎದುರು ತನ್ನ ಫೋನು ಹಿಡಿದು ನಿಂತಳು.

"ಹದಿನಾಲ್ಕು ನಿಮಿಷ ಹಿಂದೆ! ಮಾವ, ಊರವರ ಗಡಿಯಾರ ಎಲ್ಲ ನೀವೇ ಸರಿ ಮಾಡ್ತೀರಿ. ಇದು ಹೇಗೆ ಹಿಂದೆ ಬಿತ್ತು?"

"ದೀಪದ ಕೆಳಗೆ ಕತ್ತಲೆ," ಎಂದ ಮಗ.

"ಸೆಲ್ಲು... ಸೆಲ್ಲು ಸೋತಿರ್ಬೇಕಮ್ಮ," ಎಂದರು ಅಪ್ಪ.

ಅಮ್ಮ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದವರು ಕತ್ತೆತ್ತಿ ನೋಡಿದರು. ಸೆಲ್ಲು ಬದಲಾಯಿಸಿ ಇನ್ನೂ ತಿಂಗಳಾಗಿರಲಿಲ್ಲ. ಬದಲಾಯಿಸಿದ್ದು ಅವರೇ. ಆದರೂ ಮತ್ತೆ ಬೆಣ್ಣೆ ಹಚ್ಚತೊಡಗಿದರು.

ಭಾನುವಾರ ಮಗ ಸೋತ. ತಿಂಡಿ ತಿನ್ನುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದ: "ಆ ಪೆಟ್ಟಿಗೆ ಪ್ರಯೋಜನ ಇಲ್ಲ. ಶನಿವಾರ ವಾಪಸ್ ಕೊಟ್ಟುಬಿಡ್ತೀನಿ. ಒಂದರಲ್ಲೇ ಕೇಳಿಸ್ತೀನಿ. ಅಪ್ಪ, ನಿಮ್ಮ ಮೇಜು ಅಲ್ಲೇ ಇರ್ಲಿ."

ಅಮ್ಮ ಎದ್ದು ಹೋಗಿ ಇನ್ನೊಂದು ಮೊಟ್ಟೆ ಒಡೆದು ಹುರಿದು ತಂದು ಗಂಡನ ತಟ್ಟೆಗೆ ಹಾಕಿದರು. ಅಪ್ಪ ಅದನ್ನು ಚಮಚದಲ್ಲಿ ಅತ್ತಿತ್ತ ತಳ್ಳಿ, ಹಾಗೇ ಬಿಟ್ಟು ಎದ್ದರು.

ಆ ವಾರವೆಲ್ಲ ಅಪ್ಪ ಕಿಟಕಿ ಬೆಳಕಿನಲ್ಲಿ ಕೆಲಸ ಮಾಡಿದರು, ಮಗ ಅವರ ಬೆನ್ನ ಹಿಂದೆ ಒಂದು ಪೆಟ್ಟಿಗೆ ಇಟ್ಟುಕೊಂಡು ಪಾಠ ಒಪ್ಪಿಸಿದ. ಸೋಫಾದ ಮೇಲೆ ದಿಂಬುಗಳನ್ನು ಜೋಡಿಸಿ ಹೆಂಡತಿಗೆ ಹೇಳುತ್ತಿದ್ದ: "ಡಾಕ್ಟರನ್ನ ಇಲ್ಲಿ, ಎಡತುದೀಲಿ ಕೂರಿಸ್ಬೇಕು. ಅವರ ಹೆಂಡತೀನ ಒಳಗೆ ಕರ್ಕೊಂಡು ಹೋಗಿ ಮಾತಾಡಿಸ್ತಿರು."

"ಏನಂತ ಮಾತಾಡಿಸ್ಲಿ? ನಂಗೆ ಹಲ್ಲುನೋವು ಅಂತಾನಾ?"

"ಏನಾದ್ರೂ ಸರಿ. ಬಲಗಡೆ ಮಾತ್ರ ಕೂರಬಾರ್ದು. ಕೂತ್ರೆ ಮುಗೀತು."

"ಹೊಸ ಮನೇಲೂ ಅವಳನ್ನ ಅಡುಗೆಮನೇಲೇ ಕೂರಿಸ್ತೀರಾ?"

ಮಗ ದಿಂಬನ್ನು ಒಂದು ಗೇಣು ಎಡಕ್ಕೆ ಸರಿಸಿದ. ಅಪ್ಪನ ಕೈಯಿಂದ ಚಿಮಟ ಜಾರಿ ನೆಲಕ್ಕೆ ಬಿತ್ತು. ಆ ವಾರ ಅದು ಮೂರನೆಯ ಸಲ.

ಶುಕ್ರವಾರ ಮಧ್ಯಾಹ್ನ ಅಮ್ಮ ಬಟಾಣಿ ಬುಟ್ಟಿ ತಂದು ಗಂಡನ ಮೇಜಿನ ಪಕ್ಕ ಕೂತರು. ಮನೆಯಲ್ಲಿ ಬೇರಾರೂ ಇರಲಿಲ್ಲ.

"ಗಡಿಯಾರದ ಸೆಲ್ಲು ಯಾಕೆ ತೆಗೆದ್ರಿ?"

"ಯಾರು ತೆಗೆದ್ರು?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಿದೆ ನಿಮ್ಮ ಮುಖ. ಎಂಟು ದಿನದಿಂದ ಸರಿಯಾಗಿ ಉಣ್ತಿಲ್ಲ. ಮೇಜು ಉಳೀತು ಅಂತ ಖುಷಿಪಡೋರು ಹೀಗಿರಲ್ಲ."

ಅಪ್ಪ ಭೂತಗನ್ನಡಿಯ ಬಟ್ಟಲು ಕಣ್ಣಿಂದ ತೆಗೆದು ಒರೆಸಿದರು. ಆಮೇಲೆ ಹೇಳಿದರು. ದಾರದ್ದು, ವೈರಿನದು, ಸೆಲ್ಲಿನದು. ಅಮ್ಮ ಕೇಳುತ್ತಾ ಎರಡು ಹಿಡಿ ಬಟಾಣಿ ಸುಲಿದರು.

"ಹೇಳಿದ್ರೆ ಏನಾಗುತ್ತೆ?"

"ಎರಡು ನಿಮಿಷದ ಕೆಲಸ. ವೈರು ಅದಲುಬದಲು ಮಾಡಿದ್ರೆ ಸರಿ. ಆಮೇಲೆ ಅದಕ್ಕೆ ಈ ಮೂಲೆ ಬೇಕು."

"ಹೇಳದಿದ್ರೆ?"

ಅಪ್ಪ ಕೆಂಪು ದಾರದ ಉಂಡೆಯನ್ನು ಎತ್ತಿ ಖಾನೆಯೊಳಗಿಟ್ಟರು.

"ನಾನಂತೂ ಹೇಳಲ್ಲ," ಎಂದು ಅಮ್ಮ ಬುಟ್ಟಿ ಎತ್ತಿಕೊಂಡು ಎದ್ದರು. "ಕಟ್ಟಿದೋರು ನೀವು, ಬಿಚ್ಚೋರೂ ನೀವೇ."

ಮರುದಿನ, ಶನಿವಾರ, ಮಧ್ಯಾಹ್ನದ ಊಟಕ್ಕೆ ನಾಲ್ವರೂ ಇದ್ದರು. ವಾಪಸ್ ಹೋಗಬೇಕಾದ ಪೆಟ್ಟಿಗೆ ಹಿಂಗೋಡೆಯ ಮಧ್ಯದಲ್ಲಿ, ಸೊಸೆಯ ಕುರ್ಚಿಯ ಬೆನ್ನಿಗೆ ತಾಗಿಕೊಂಡೇ ನಿಂತಿತ್ತು. ಮಗ ಕೈ ತೊಳೆಯಲು ಏಳುವಷ್ಟರಲ್ಲಿ ಅಪ್ಪ ಹೇಳಿದರು:

"ಕೂತ್ಕೋ. ಆ ಪೆಟ್ಟಿಗೆಯೊಳಗಿನ ವೈರು ತಿರುಗಾಮುರುಗಾ ಆಗಿದೆ."

"ಇಲ್ಲಪ್ಪ. ನಾನೇ ದಾರ ಕಟ್ಟಿದ್ದೆ."

"ನೀನು ಕಟ್ಟಿದ್ದನ್ನ ನಾನು ಬಿಚ್ಚಿದೆ. ನನ್ನ ದಾರ ಅಂದ್ಕೊಂಡು. ಆಮೇಲೆ ಕಟ್ಟಿದೆ, ಬೇರೇದಕ್ಕೆ."

ಮಗ ಅಪ್ಪನನ್ನೇ ನೋಡಿದ. "ಯಾವಾಗ ಗೊತ್ತಾಯ್ತು?"

"ಹೋದ ಗುರುವಾರದ ಹಿಂದಿನ ಗುರುವಾರ. ಅಡುಗೆಮನೆ ಗಡಿಯಾರದ ಸೆಲ್ ತೆಗೆದು ಮುಟ್ಟಿಸಿ ನೋಡಿದೆ."

"ಒಂಬತ್ತು ದಿನ! ಅಪ್ಪಾ, ಒಂಬತ್ತು ದಿನ ನಾನು ನಾಯಿ ಥರ ಈ ಗೋಡೆಯಿಂದ ಆ ಗೋಡೆಗೆ ತೆವಳಿದೀನಿ. ನೀವು ಅಲ್ಲೇ ಕೂತು ನೋಡ್ತಿದ್ರಿ!"

"ನೋಡ್ತಿದ್ದೆ."

"ಒಂದು ಮಾತು ಹೇಳಕ್ಕಾಗ್ಲಿಲ್ವಾ?"

"ಹೇಳಿದ್ರೆ ಮೇಜು ಹೋಗುತ್ತೆ ಅಂತ ಹೇಳ್ಲಿಲ್ಲ," ಎಂದರು ಅಪ್ಪ. "ಬೇರೆ ಕಾರಣ ಏನೂ ಇಲ್ಲ."

ಸೊಸೆ ನೀರಿನ ಲೋಟ ಕೆಳಗಿಟ್ಟಳು. "ಗುರುವಾರ... ಅಂದ್ರೆ ನನ್ನ ಅರ್ಧ ದಿನದ ಸಂಬಳ ತಿಂದಿದ್ದೂ ಇದೇ ಪೆಟ್ಟಿಗೇನಾ?"

"ಅದು ನಾನಮ್ಮ."

ಮಗ ಎಂಜಲು ಕೈಯಲ್ಲೇ ಎದ್ದು ಪೆಟ್ಟಿಗೆಯ ಹಿಂದೆ ಬಗ್ಗಿದ. ಹೊರಗಿನ ಎರಡು ವೈರುಗಳನ್ನು ಕಿತ್ತು ಅದಲುಬದಲು ಮಾಡಿ ಸಿಕ್ಕಿಸಿದ. ಎರಡು ನಿಮಿಷವೂ ಹಿಡಿಯಲಿಲ್ಲ. ಸ್ವಿಚ್ಚು ಒತ್ತಿದ. ಊಟದ ಮೇಜಿನ ಮೇಲಿನ ನೀರು ಲೋಟದೊಳಗೆ ಸಣ್ಣಗೆ ನಡುಗಿತು. ಮಗ ಸೋಫಾದ ಎಡತುದಿಯಲ್ಲಿ ಕೂತ, ನಡುವೆ ಕೂತ, ಬಲತುದಿಯಲ್ಲಿ ಕೂತ. ಎದ್ದು ಆಂಪ್ಲಿಫೈಯರಿನ ಗುಂಡಿಯನ್ನು ಅರ್ಧಕ್ಕೆ ಇಳಿಸಿ ಮತ್ತೆ ಮೂರೂ ಕಡೆ ಕೂತ. ಮೂರೂ ಕಡೆ ಸದ್ದು ಒಂದೇ ಸಮ ಇತ್ತು.

ಅಪ್ಪ ಆಗಲೇ ಮೇಜಿನ ಖಾನೆಗಳನ್ನು ಹೊರಗೆಳೆಯಲು ಶುರು ಮಾಡಿದ್ದರು. "ಬಾ, ಆ ಕಡೆ ಹಿಡಿ. ಮಾತು ಕೊಟ್ಟಿದೀನಿ."

ಮಗ ಹಿಡಿದ. ಕೋಪ ಇನ್ನೂ ಇಳಿದಿರಲಿಲ್ಲ, ಹಿಡಿದ ಜೋರಿಗೆ ಮೇಜು ಕಿರುಗುಟ್ಟಿತು. ಇಬ್ಬರೂ ಮೇಜನ್ನು ಬಾಗಿಲವರೆಗೆ ಸಾಗಿಸಿ, ಪೆಟ್ಟಿಗೆಯನ್ನು ಕಿಟಕಿ ಮೂಲೆಗೆ ತಂದಿಟ್ಟರು. ಮತ್ತೆ ಸ್ವಿಚ್ಚು. ಮೂಲೆ ಗುಮ್ಮೆಂದು ಹೂಂಕರಿಸಿತು. ಕಿಟಕಿಯ ಗಾಜು ಗಿರಗಿರ ಎಂದಿತು. ಸೋಫಾದ ಬಲತುದಿಯಲ್ಲಿ ಸದ್ದು ಎದೆಗೆ ಒದೆಯಿತು, ಎಡತುದಿ ಬರಿದಾಯಿತು. ಮಗ ಆಫ್ ಮಾಡಿ ಹಿಂಗೋಡೆಯ ಕಡೆ ತಿರುಗಿ ನೋಡಿದ.

"ಏನಾಯ್ತೋ?"

"ಒಂದೊಂದೇ ಇಟ್ಟು ಕೇಳಿದ್ದಕ್ಕೆ ಮೂಲೆ ಚೆನ್ನಾಗಿ ಕೇಳ್ತಿತ್ತು. ಎರಡೂ ಸೇರಿದ್ಮೇಲೆ ಅಲ್ಲೇ ಚೆನ್ನಾಗಿದೆ. ಟೀವಿ ಕೆಳಗಿಂದು ಮುಂದಿನ ಗೋಡೆ ಮಧ್ಯ, ಇದು ಹಿಂದಿನ ಗೋಡೆ ಮಧ್ಯ. ಎದುರುಬದುರು." ಇಷ್ಟವಿಲ್ಲದೆ ಹೇಳಿದಂತೆ ಹೇಳಿದ. "ಮೂಲೆ ಬೇಡ."

"ನನಗೋಸ್ಕರ ಹೇಳ್ತಿದೀಯಾ?"

"ಈಗಿರೋ ಸಿಟ್ಟಲ್ಲಿ ನಿಮಗೋಸ್ಕರ ಏನೂ ಹೇಳಲ್ಲ."

ಮೇಜು ವಾಪಸ್ ಬಂತು. ಹಿಂಗೋಡೆಯಲ್ಲಿ ಪೆಟ್ಟಿಗೆ ಕಾಯಮ್ಮಾಗಿ ನಿಲ್ಲಬೇಕಾದರೆ ಊಟದ ಮೇಜು ಎರಡಡಿ ಸರಿಯಬೇಕಾಗಿತ್ತು. ಅದು ಸರಿದರೆ ಇಸ್ತ್ರಿ ಹಲಗೆಗೆ ಜಾಗ ಇರಲಿಲ್ಲ.

"ತೆಗೀರಿ, ಧಾರಾಳವಾಗಿ ತೆಗೀರಿ," ಎಂದಳು ಸೊಸೆ. "ಹಲಗೆ ಜೊತೆ ಇಸ್ತ್ರಿ ಕೆಲಸಾನೂ ಹೋಯ್ತು. ದಿನವಿಡೀ ಆಸ್ಪತ್ರೆ ಹಾಸಿಗೆಬಟ್ಟೆ ಇಸ್ತ್ರಿ ಮಾಡಿ ಬರ್ತೀನಿ. ಇನ್ಮೇಲೆ ನಿಮ್ಮ ಶರ್ಟು ನೀವು, ಮಾವನ ಶರ್ಟು ಮಾವ. ಅರ್ಧ ದಿನದ ಸಂಬಳಕ್ಕೆ ಇದು ವಜಾ."

ಅಪ್ಪ ತಲೆಯಾಡಿಸಿದರು. ಮಗನೂ ತಲೆಯಾಡಿಸಿದ. ಅವತ್ತು ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಭಾನುವಾರ ಡಾಕ್ಟರು ಬಂದರು. ಅವರ ಹೆಂಡತಿಯನ್ನು ಯಾರೂ ಅಡುಗೆಮನೆಗೆ ಕರೆಯಲಿಲ್ಲ. ಆಕೆ ಬಲಗಡೆಯೇ ಕೂತರು, ನಡುವೆ ಕೂತರು, ಕೊನೆಗೆ ಎದ್ದು ಕಿಟಕಿ ಮೂಲೆಗೂ ಬಂದು ನಿಂತರು. ಅಪ್ಪ ಕೆಲಸ ನಿಲ್ಲಿಸಿ, ಸ್ಕ್ರೂ ತಟ್ಟೆಯನ್ನು ಮಡಿಸಿದ ಟವಲಿನ ಮೇಲಿಟ್ಟು, ಕೈಕಟ್ಟಿ ಕೂತಿದ್ದರು. ಪರದೆಯ ಮೇಲೆ ಗುಡುಗು ಉರುಳುವಾಗ ಆಕೆ ಬಗ್ಗಿ ತಟ್ಟೆ ನೋಡಿದರು.

"ಇವು ಕದಲ್ತಿಲ್ವಲ್ಲ?"

"ಒಂದಿದ್ದಾಗ ನಡೀತಿದ್ವಮ್ಮ," ಎಂದರು ಅಪ್ಪ. "ಎರಡು ಬಂದ್ಮೇಲೆ ಇವನು ದನಿ ಇಳಿಸಿದಾನೆ."

ಬುಧವಾರ ಹೇಳುತ್ತೇವೆ ಎಂದು ಹೋದರು. ಬುಧವಾರ ಫೋನು ಬರಲಿಲ್ಲ. ಮಗ ಎರಡು ಶರ್ಟು ಇಸ್ತ್ರಿ ಮಾಡಿದ, ಒಂದರ ಕಾಲರು ಸುಟ್ಟ. ಗುರುವಾರ ಬೆಳಗ್ಗೆ ಫೋನು ಬಂತು. ಸೋಮವಾರದಿಂದ ವೈರಿಂಗ್ ಶುರು ಮಾಡಬಹುದಂತೆ.

ಸೋಮವಾರ ಬೆಳಗ್ಗೆ ಮಗ ಸಾಮಾನಿನ ಚೀಲ ಕಟ್ಟುತ್ತಿದ್ದ. ಆ ಶನಿವಾರದಿಂದ ಅಪ್ಪನ ಜೊತೆ ಅನ್ನ, ನೀರು, ಸ್ವಿಚ್ಚು ಬಿಟ್ಟರೆ ಬೇರೆ ಮಾತಾಡಿರಲಿಲ್ಲ. ಒಂಬತ್ತು ಗಂಟೆಗೆ ಅಪ್ಪ ಶರ್ಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಹದಿನಾಲ್ಕು ಹೆಜ್ಜೆ ನಡೆದು ಬಂದರು. ಶರ್ಟಿನ ಒಂದು ತೋಳು ನೆಟ್ಟಗೆ ಇಸ್ತ್ರಿಯಾಗಿತ್ತು, ಇನ್ನೊಂದು ಹಾಗೇ ಸುಕ್ಕಾಗಿತ್ತು. ಖಾನೆ ತೆರೆದು, ಇನ್ನೂ ಕಾಗದ ಬಿಚ್ಚದ ಒಂದು ಹೊಸ ದಾರದ ಉಂಡೆ ತೆಗೆದು ಮಗನ ಚೀಲದ ಪಕ್ಕ ಇಟ್ಟರು. ಹಳದಿ.

"ಇದು ನಿಂದು. ನಾನು ಯಾವತ್ತೂ ಹಳದಿ ಬಳಸಿಲ್ಲ, ಬಳಸೋದೂ ಇಲ್ಲ. ಹಳದಿ ಎಲ್ಲಿ ಕಂಡ್ರೂ ನಾನು ಮುಟ್ಟಲ್ಲ."

ಮಗ ಉಂಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಒಂದು ಗೇಣು ಬಿಚ್ಚಿ, ಹಲ್ಲಲ್ಲಿ ಕಡಿದು, ಹಿಂಗೋಡೆಯ ಪೆಟ್ಟಿಗೆಯ ಪ್ಲಸ್ ವೈರಿಗೆ ಗಂಟು ಹಾಕಿದ. ಉಳಿದದ್ದನ್ನು ಚೀಲಕ್ಕೆ ಹಾಕಿಕೊಂಡ. ಬಾಗಿಲ ಬಳಿ ನಿಂತ.

"ಅಪ್ಪ, ಅಡುಗೆಮನೆ ಗಡಿಯಾರ ಎಷ್ಟು ತೋರಿಸ್ತಿದೆ?"

ಅಪ್ಪ ಬಗ್ಗಿ ನೋಡಿದರು. "ಒಂಬತ್ತು ಏಳು."

ಮಗ ಫೋನು ತೆಗೆದು ನೋಡಿದ. "ಸರಿ ಇದೆ," ಎಂದು ಮೆಟ್ಟಿಲಿಳಿದ.